ಕರುಳಿನ ಹಾಸುಹೊಕ್ಕು

ಕರುಳಿನ ಒಳಮೈಯನ್ನು ಹೊದಿಸಿರುವ ಪೊರೆ ಒಂದೇ ಒಂದು ಜೀವಕೋಶದಷ್ಟು ದಪ್ಪದ್ದು. ಉಂಡ ಆಹಾರದ ಸಾರ ಹೀರುವುದೂ ಅದೇ, ಕರುಳಿನಲ್ಲಿ ತುಂಬಿರುವ ಸೂಕ್ಷ್ಮಜೀವಿಗಳು ಮೈಯೊಳಕ್ಕೆ ನುಗ್ಗದಂತೆ ತಡೆಯುವುದೂ ಅದೇ. ಇಷ್ಟು ತೆಳುವಾದದ್ದು ತನ್ನ ಬಲದ ಮೇಲೆ ನಿಲ್ಲಲಾರದು. ಅದರ ಬೆನ್ನಿಗೆ ನಾರು, ನೀರು, ಅಂಟು ಮತ್ತು ಅವುಗಳ ನಡುವೆ ಹರಡಿಕೊಂಡ ಜೀವಕೋಶಗಳಿಂದಾದ ಒಂದು ಹಾಸು ಇದೆ. ಅದೇ ಸಂಯೋಜಕ ಅಂಗಾಂಶ. ರಕ್ತನಾಳ, ನರ, ಸ್ನಾಯುಗಳನ್ನೆಲ್ಲ ಒಳಪೊರೆಯೊಂದಿಗೆ ಕೂಡಿಸುವುದು ಅದೇ ಆದ್ದರಿಂದ ಈ ಹೆಸರು. ಬಹಳ ಕಾಲ ವೈದ್ಯಕೀಯ ಪಠ್ಯಗಳು ಇದನ್ನು ಸಂದಿ ತುಂಬುವ ಸಾಮಗ್ರಿ ಎಂದೇ ಕಂಡವು. ಗೋಡೆಯ ಕಲ್ಲುಗಳ ನಡುವಿನ ಗಾರೆಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ಅದಕ್ಕಿತ್ತು. ಆ ಎಣಿಕೆ ತಪ್ಪು. ಒಳಪೊರೆ ಯಾವಾಗ ಹುಟ್ಟಬೇಕು, ಎಲ್ಲಿ ಬಲಿಯಬೇಕು, ಗಾಯವಾದರೆ ಹೇಗೆ ಮಾಯಬೇಕು ಎಂದು ಹೇಳಿಕೊಡುವುದು ಈ ಹಾಸಿನ ಕೋಶಗಳೇ. ಕರುಳಿನ ದೊಡ್ಡ ಕಾಯಿಲೆಗಳಲ್ಲಿ ಹಲವು, ಈ ಕೋಶಗಳು ಹಿಡಿದ ಕೆಲಸ ನಿಲ್ಲಿಸದೆ ಹೋದಾಗ ಬರುವಂಥವು.

ಅಂಗಾಂಶಕ್ಕೆ ಇಂಗ್ಲಿಷಿನವರು ಬಳಸುವ ‘ಟಿಶ್ಯೂ’ ಎಂಬ ಮಾತು, ‘ನೇಯ್ದದ್ದು’ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಫ್ರಾನ್ಸಿನ ಅಂಗರಚನಾ ಪಂಡಿತ ಕ್ಸೇವಿಯೇ ಬಿಶಾ 1800ರ ಸುಮಾರಿಗೆ, ಸೂಕ್ಷ್ಮದರ್ಶಕದ ನೆರವಿಲ್ಲದೆಯೇ, ದೇಹದಲ್ಲಿ ಇಂಥ 21 ಬಗೆಯ ನೇಯ್ಗೆಗಳಿವೆ ಎಂದು ಎಣಿಸಿದ. ಅಂಗಾಂಶಗಳ ಅಧ್ಯಯನಕ್ಕಿರುವ ‘ಹಿಸ್ಟಾಲಜಿ’ ಎಂಬ ಹೆಸರಿನ ಗ್ರೀಕ್ ಮೂಲಕ್ಕೂ ಮಗ್ಗ, ನೇಯ್ಗೆ ಎಂದೇ ಅರ್ಥ. ಕನ್ನಡದ ‘ಅಂಗಾಂಶ’ದಲ್ಲಿ ನೇಯ್ಗೆಯ ಸುಳಿವಿಲ್ಲ. ಆದರೂ ಇಳಕಲ್ಲು, ಗುಳೇದಗುಡ್ಡಗಳ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಕರುಳಿನ ಗೋಡೆಯ ಕಟ್ಟನ್ನು ವಿವರಿಸುವುದು ಕಷ್ಟವಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ನೋಡುವವರ ಕಣ್ಣು ಸೆರಗಿನ ಮೇಲೆ ನಿಲ್ಲುತ್ತದೆ, ಸೀರೆಯನ್ನು ಹಿಡಿದಿಟ್ಟಿರುವುದು ಕೊಂಡಿ. ಕರುಳಿನಲ್ಲಿಯೂ ವಿಜ್ಞಾನಿಗಳ ಕಣ್ಣು ಬಹಳ ಕಾಲ ಒಳಪೊರೆಯ ಮೇಲೆಯೇ ಇತ್ತು.

ಸಣ್ಣಕರುಳಿನ ಉದ್ದ ಸುಮಾರು 6 ಮೀಟರ್, ದೊಡ್ಡಕರುಳಿನದು ಸುಮಾರು ಒಂದೂವರೆ ಮೀಟರ್. ಈ ಉದ್ದಕ್ಕೂ ಗೋಡೆಗೆ ನಾಲ್ಕು ಪದರ. ಎಲ್ಲಕ್ಕಿಂತ ಒಳಗಿನದು ಲೋಳೆಪೊರೆ; ಹೀರುವ ಕೋಶಗಳೂ ಅವುಗಳ ಬೆನ್ನಿಗಂಟಿದ ಸಡಿಲವಾದ ಸಂಯೋಜಕ ಅಂಗಾಂಶವೂ ಸೇರಿ ಅದು ಆಗಿದೆ. ಅದರ ಕೆಳಗಿನ ಪದರದಲ್ಲಿ ನಾರು ದಟ್ಟ. ಮೂರನೆಯದು ಆಹಾರವನ್ನು ಮುಂದಕ್ಕೆ ತಳ್ಳುವ ಸ್ನಾಯು, ನಾಲ್ಕನೆಯದು ಹೊರಗಿನ ನುಣುಪಾದ ಹೊದಿಕೆ. ಗೋಡೆಯ ಗಟ್ಟಿತನವೆಲ್ಲ ಎರಡನೆಯ ಪದರದಲ್ಲಿದೆ. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1887ರಲ್ಲಿ ಇದನ್ನು ತೋರಿಸಿಕೊಟ್ಟ. ಕತ್ತರಿಸಿದ ಕರುಳನ್ನು ಮತ್ತೆ ಹೊಲಿಯುವಾಗ ಸೂಜಿ ಆ ಪದರವನ್ನು ಹಿಡಿದರಷ್ಟೇ ಹೊಲಿಗೆ ನಿಲ್ಲುತ್ತದೆ. ಬರೀ ಸ್ನಾಯುವಿಗೆ ಹಾಕಿದ ಹೊಲಿಗೆ ಹರಿದುಕೊಳ್ಳುತ್ತದೆ. ಇಂದಿಗೂ ಶಸ್ತ್ರವೈದ್ಯರು ಕಲಿಯುವುದು ಇದನ್ನೇ. ಈ ಗಟ್ಟಿತನ ಹಳ್ಳಿಗೆ ಹೊಸದಲ್ಲ. ಅರಳೆ ಹಿಂಜುವ ಪಿಂಜಾರರ ಬಿಲ್ಲಿಗೆ ಹಿಂದೆ ಕಟ್ಟುತ್ತಿದ್ದ ತಂತಿ ಪ್ರಾಣಿಯ ಕರುಳಿನಿಂದ ಹೊಸೆದದ್ದು. ಆಸ್ಪತ್ರೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ, ಮೈಯೊಳಗೇ ಕರಗುವ ‘ಕ್ಯಾಟ್‌ಗಟ್’ ದಾರವೂ ಕುರಿ, ದನಗಳ ಕರುಳಿನ ನಾರಿನಿಂದಲೇ ತಯಾರಾಗುತ್ತಿತ್ತು.

ಆ ನಾರನ್ನು ನೂಲುವ ಕೋಶಕ್ಕೆ ಫೈಬ್ರೋಬ್ಲಾಸ್ಟ್ ಎನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಅದು ಕದಿರಿನಂತೆ ನಡುವೆ ದಪ್ಪ, ಎರಡೂ ತುದಿ ಚೂಪು. ಅದು ನೂಲುವ ಮುಖ್ಯ ಎಳೆ ಕೊಲಾಜೆನ್ ಎಂಬ ಪ್ರೋಟೀನು. ಮೂರು ಸರಪಳಿಗಳು ಹಗ್ಗದಂತೆ ಒಂದಕ್ಕೊಂದು ಹೊಸೆದುಕೊಂಡು ಒಂದು ಕೊಲಾಜೆನ್ ಎಳೆಯಾಗುತ್ತದೆ. ಈ ಹೊಸೆತ ಬಿಗಿಯಾಗಿ ನಿಲ್ಲಲು ಸಿ ಜೀವಸತ್ವ ಬೇಕೇ ಬೇಕು. ಅದಿಲ್ಲದಿದ್ದರೆ ಕೋಶ ಎಳೆ ಬಿಡುತ್ತದೆ, ಎಳೆಗೆ ಹುರಿ ಬರುವುದಿಲ್ಲ. 1740ರಿಂದ 1744ರವರೆಗೆ ನಡೆದ ಇಂಗ್ಲಿಷ್ ನೌಕಾಧಿಕಾರಿ ಜಾರ್ಜ್ ಆನ್ಸನ್‌ನ ಸಮುದ್ರಯಾನದ ವರದಿಯಲ್ಲಿ ಇದಕ್ಕೆ ಮರೆಯಲಾಗದ ಸಾಕ್ಷ್ಯವಿದೆ. ಹಣ್ಣು, ಸೊಪ್ಪು ಕಾಣದೆ ಸ್ಕರ್ವಿ ಹತ್ತಿದ ಒಬ್ಬ ಮುದಿ ನಾವಿಕನ ಮೈಮೇಲೆ, ಐವತ್ತು ವರ್ಷ ಹಿಂದಿನ ಯುದ್ಧದಲ್ಲಿ ಆಗಿ ಎಂದೋ ಮಾಯ್ದಿದ್ದ ಗಾಯ ಮತ್ತೆ ಬಾಯಿ ಬಿಟ್ಟಿತು. ಒಮ್ಮೆ ನೇಯ್ದರೆ ಮುಗಿಯಿತು ಎಂಬ ಬಟ್ಟೆಯಲ್ಲ ಇದು. ಹಳೆಯ ಎಳೆ ಕಳಚುತ್ತಲೇ ಇರುತ್ತದೆ, ಹೊಸ ಎಳೆ ಕೂಡುತ್ತಲೇ ಇರಬೇಕು. ಹಣ್ಣಿನ ತೋಟಗಳಿಗೆ ಹೆಸರಾದ ಕಲಾದಗಿ ಸೀಮೆಯವರಿಗೆ ಈ ಜೀವಸತ್ವ ದುಬಾರಿಯಲ್ಲ. ಪೇರಲ, ನೆಲ್ಲಿಕಾಯಿ, ನಿಂಬೆ, ಹಸಿಮೆಣಸಿನಕಾಯಿ, ಹಸಿಯಾಗಿ ತಿನ್ನುವ ಸೊಪ್ಪು ಎಲ್ಲದರಲ್ಲೂ ಅದಿದೆ.

ನೂಲುವುದು ಫೈಬ್ರೋಬ್ಲಾಸ್ಟಿನ ಅರ್ಧ ಕೆಲಸ ಮಾತ್ರ. ಉಳಿದರ್ಧ ಬೆಳಕಿಗೆ ಬಂದದ್ದು ತೀರ ಈಚೆಗೆ. ಕರುಳಿನ ಒಳಪೊರೆ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ದೇಹದಲ್ಲಿ ಇಷ್ಟು ಬೇಗ ಬದಲಾಗುವ ಅಂಗಾಂಶಗಳು ಕಡಿಮೆ. ಪೊರೆಯ ತುಂಬ ಸಣ್ಣ ಸಣ್ಣ ಕುಳಿಗಳಿವೆ. ಕುಳಿಯ ತಳದಲ್ಲಿ ಕಾಂಡಕೋಶಗಳು ಕೂತಿರುತ್ತವೆ. ಅವು ಒಡೆದು ಹುಟ್ಟಿದ ಮರಿಕೋಶಗಳು ಮೇಲೇರುತ್ತ ಬಲಿತು, ತುದಿ ಮುಟ್ಟಿದ ಮೇಲೆ ಉದುರುತ್ತವೆ. ಈ ಕಾಂಡಕೋಶಗಳನ್ನು 2007ರಲ್ಲಿ ನೆದರ್‌ಲ್ಯಾಂಡ್ಸಿನ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯ ಖಚಿತವಾಗಿ ಗುರುತಿಸಿತು. 2009ರಲ್ಲಿ ಅಲ್ಲಿಯೇ ತೋಶಿರೊ ಸಾಟೊ ಒಂದೇ ಒಂದು ಕಾಂಡಕೋಶದಿಂದ ಗಾಜಿನ ತಟ್ಟೆಯಲ್ಲಿ ಪುಟ್ಟ ಕರುಳಿನ ತುಣುಕೊಂದನ್ನು ಬೆಳೆಸಿ ತೋರಿಸಿದರು. ಹಿಂದಿನ ಹಾಸು ಇಲ್ಲದೆಯೂ ಕರುಳು ಬೆಳೆಯಿತಲ್ಲ ಎನ್ನಿಸಬಹುದು. ಆದರೆ ಆ ತಟ್ಟೆಗೆ ಅವರು ಕೆಲವು ಪ್ರೋಟೀನುಗಳನ್ನು ಹೊರಗಿನಿಂದ ಹಾಕಬೇಕಾಗಿತ್ತು. ದೇಹದೊಳಗೆ ಅಂಥ ಸಂದೇಶಗಳನ್ನು ಒದಗಿಸುವವರಲ್ಲಿ ಕುಳಿಯ ಸುತ್ತ ಕಾವಲಿರುವ ಸಂಯೋಜಕ ಕೋಶಗಳೇ ಮುಖ್ಯ. ತಟ್ಟೆಯಲ್ಲಿ ಕೋಶದ ಬದಲು ಮನುಷ್ಯನ ಕೈ ಆ ಕೆಲಸ ಮಾಡಿತ್ತು, ಅಷ್ಟೇ.

ಕುಳಿಯ ತಳದಲ್ಲಿರುವ ಸಂಯೋಜಕ ಕೋಶಗಳು ‘ಒಡೆ, ಬೆಳೆ’ ಎಂಬ ಸಂದೇಶ ಕೊಡುತ್ತವೆ. ಅದರಲ್ಲಿ ‘ವಿಂಟ್’ ಎಂಬ ಗುಂಪಿನ ಪ್ರೋಟೀನುಗಳು ಮುಖ್ಯ. ಮೇಲ್ಭಾಗದ ಕೋಶಗಳು ‘ಬೆಳೆದದ್ದು ಸಾಕು, ಇನ್ನು ಬಲಿ’ ಎನ್ನುತ್ತವೆ; ಅಲ್ಲಿ ‘ಬಿಎಂಪಿ’ ಎಂಬ ಬೇರೆ ಗುಂಪು ಕೆಲಸ ಮಾಡುತ್ತದೆ. ಮೇಲಿನ ಸಂದೇಶ ತಳಕ್ಕೆ ಇಳಿದು ಕಾಂಡಕೋಶಗಳನ್ನು ಅಕಾಲಕ್ಕೆ ಬಲಿಸದಂತೆ, ತಳದ ಕೋಶಗಳು ಅದನ್ನು ತಡೆಯುವ ಗ್ರೆಮ್ಲಿನ್ ಎಂಬ ಪ್ರೋಟೀನನ್ನೂ ಸುರಿಸುತ್ತವೆ. ಉದ್ದನೆಯ ಎಳೆಗಳಂಥ ಚಾಚುಗಳನ್ನು ಬಿಟ್ಟು ಪೊರೆಯ ಅಡಿಯಲ್ಲಿ ಬಲೆಯಂತೆ ಹರಡಿರುವ ‘ಟೆಲೊಸೈಟ್’ ಎಂಬ ಕೋಶಗಳಿವೆ. 2018ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ಲಾಸ್ ಕೇಸ್ಟ್ನರ್ ಅವರ ತಂಡ ಇಲಿಗಳಲ್ಲಿ ಈ ಕೋಶಗಳಿಂದ ಹೊರಡುವ ವಿಂಟ್ ಸಂದೇಶವನ್ನಷ್ಟೇ ತಡೆಯಿತು. ಒಳಪೊರೆಯ ಕೋಶಗಳನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಪೊರೆಯ ಹೊಸ ಹುಟ್ಟು ನಿಂತುಹೋಯಿತು. ಗಾರೆ ಎಂದು ಕರೆಸಿಕೊಂಡದ್ದೇ ಗೋಡೆ ಕಟ್ಟುವ ಮೇಸ್ತ್ರಿಯೂ ಹೌದೆಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಸಂಯೋಜಕ ಕೋಶಗಳ ಮೂಲದಿಂದಲೇ, ಅಂದರೆ ಭ್ರೂಣದ ನಡುಪದರದಿಂದ, ಹುಟ್ಟುವ ಇನ್ನೊಂದು ಬಗೆಯ ಕೋಶಗಳು ಸ್ನಾಯುಪದರದಲ್ಲಿವೆ. ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಾಹಾಲ್ 19ನೆಯ ಶತಮಾನದ ಕೊನೆಗೆ ಅವುಗಳನ್ನು ಕಂಡು ನರಕೋಶಗಳೆಂದೇ ಎಣಿಸಿದ. ಅವು ನರಕೋಶಗಳಲ್ಲ, ಆದರೆ ಅವನ ಹೆಸರು ಅವುಗಳಿಗೆ ಅಂಟಿಕೊಂಡಿತು. ಹೃದಯದ ಬಡಿತಕ್ಕೆ ತಾಳ ಹಾಕುವ ಕೋಶಗಳಿರುವಂತೆ ಕರುಳಿನ ಅಲೆಗೆ ತಾಳ ಹಾಕುವುದು ಈ ಕಾಹಾಲ್ ಕೋಶಗಳು. ಜಠರದಲ್ಲಿ ನಿಮಿಷಕ್ಕೆ 3, ಸಣ್ಣಕರುಳಿನ ಆರಂಭದಲ್ಲಿ ಸುಮಾರು 12 ಅಲೆ ಎಂಬ ಲೆಕ್ಕ ಅವುಗಳದು. ಬಹಳ ವರ್ಷಗಳ ಸಕ್ಕರೆ ಕಾಯಿಲೆಯಲ್ಲಿ ಜಠರದ ಈ ಕೋಶಗಳು ಕ್ಷೀಣಿಸುತ್ತವೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಉಂಡದ್ದು ಗಂಟೆಗಟ್ಟಲೆ ಕೆಳಗಿಳಿಯದಿರುವುದು ಇದರ ಫಲ. ಕಾಹಾಲ್ ಕೋಶಗಳಿಂದ ‘ಜಿಸ್ಟ್’ ಎಂಬ ಗಡ್ಡೆಯೂ ಏಳುತ್ತದೆ. ಜಪಾನಿನ ಸೀಯಿಚಿ ಹಿರೋಟಾ ಮತ್ತು ಸಂಗಡಿಗರು 1998ರಲ್ಲಿ ಇದರ ಬೇರು ‘ಕಿಟ್’ ಎಂಬ ಜೀನಿನ ದೋಷದಲ್ಲಿದೆ ಎಂದು ತೋರಿಸಿದರು. ಆ ದೋಷವನ್ನೇ ಕಟ್ಟಿಹಾಕುವ ಇಮಾಟಿನಿಬ್ ಮಾತ್ರೆಯನ್ನು 2002ರಲ್ಲಿ ಅಮೆರಿಕ ಈ ಗಡ್ಡೆಗೆ ಒಪ್ಪಿಕೊಂಡಿತು. 2013ರ ಏಪ್ರಿಲ್ 1ರಂದು ಭಾರತದ ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಿಸಿ ತೀರ್ಪು ಕೊಟ್ಟದ್ದು ಇದೇ ಔಷಧದ ಒಂದು ರೂಪಕ್ಕೆ. ನಮ್ಮ ದೇಶದ ರೋಗಿಗೆ ಇದು ಅಗ್ಗದಲ್ಲಿ ಸಿಗುವುದರ ಹಿಂದೆ ಆ ತೀರ್ಪಿದೆ.

ಇನ್ನು ಗಾಯದ ಮಾತು. ಒಳಪೊರೆಗೆ ಗೀರು ಬೀಳುವುದು ದಿನನಿತ್ಯದ ಸಂಗತಿ. ಆಗ ಮೊದಲು ಉರಿಯೂತ ಬರುತ್ತದೆ, ರೋಗನಿರೋಧಕ ಕೋಶಗಳು ನೆರೆಯುತ್ತವೆ. ಅವು ಬಿಡುವ ‘ಟಿಜಿಎಫ್ ಬೀಟಾ’ ಎಂಬ ಸಂದೇಶ ಮುಟ್ಟಿದ ಕೂಡಲೇ ಶಾಂತವಾಗಿದ್ದ ಫೈಬ್ರೋಬ್ಲಾಸ್ಟ್ ರೂಪ ಬದಲಿಸುತ್ತದೆ. ಅದಕ್ಕೆ ಸ್ನಾಯುವಿನ ಗುಣ ಬರುತ್ತದೆ. ಇಂಥ ಕೋಶಗಳನ್ನು 1971ರಲ್ಲಿ ಜಿನೀವಾದ ಜೂಲಿಯೊ ಗಬ್ಬಿಯಾನಿ ಮತ್ತು ಸಂಗಡಿಗರು ಮಾಯುತ್ತಿರುವ ಗಾಯದಲ್ಲಿ ಗುರುತಿಸಿದರು. ಅವುಗಳ ಹೆಸರು ಮಯೋಫೈಬ್ರೋಬ್ಲಾಸ್ಟ್. ಇವು ಎರಡು ಕೆಲಸ ಮಾಡುತ್ತವೆ: ನಾರು ಸುರಿಯುತ್ತವೆ, ಗಾಯದ ಅಂಚುಗಳನ್ನು ಹಿಡಿದು ಎಳೆಯುತ್ತವೆ. ಅಂಚು ಕೂಡಿದ ಮೇಲೆ ಇವುಗಳಲ್ಲಿ ಹೆಚ್ಚಿನವು ಸಾಯುತ್ತವೆ, ಉಳಿದವು ಮತ್ತೆ ಶಾಂತವಾಗುತ್ತವೆ, ಮಿಕ್ಕ ನಾರು ಕರಗುತ್ತದೆ. ಆರೋಗ್ಯವಂತ ಕರುಳಿನಲ್ಲಿ ಇದು ಸದ್ದಿಲ್ಲದೆ ನಡೆದುಹೋಗುತ್ತದೆ.

ಗಾಯ ಮತ್ತೆ ಮತ್ತೆ ಆದರೆ, ಇಲ್ಲವೆ ತಿಂಗಳುಗಟ್ಟಲೆ ಮಾಯದೆ ಉಳಿದರೆ ಕಥೆ ಬೇರೆ. ಮಯೋಫೈಬ್ರೋಬ್ಲಾಸ್ಟ್‌ಗಳು ಸಾಯುವುದಿಲ್ಲ, ನಾರು ಸುರಿಯುವುದು ನಿಲ್ಲುವುದಿಲ್ಲ. ಕರುಳಿನ ಸ್ನಾಯುಪದರವೂ ದಪ್ಪವಾಗುತ್ತದೆ. ಕೊಳವೆಯ ಗೋಡೆ ಹೊರಕ್ಕೆ ಬೆಳೆಯುವ ಜಾಗ ಕಡಿಮೆ. ಎಳೆತವೂ ಸೇರಿ ಒಳದಾರಿ ಕಿರಿದಾಗುತ್ತದೆ. ಇನ್ನೂ ಕಷ್ಟದ ಸಂಗತಿ ಎಂದರೆ, ಗಟ್ಟಿಯಾದ ಹಾಸು ತಾನೇ ಪಕ್ಕದ ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸುತ್ತದೆ. ಅವು ಹೊಸ ನಾರು ಸುರಿದು ಹಾಸನ್ನು ಮತ್ತಷ್ಟು ಗಟ್ಟಿಮಾಡುತ್ತವೆ. ಮೊದಲ ಉರಿಯೂತ ತಣಿದ ಮೇಲೂ ನಾರುಗಟ್ಟುವುದು ಮುಂದುವರಿಯುವುದಕ್ಕೆ ಇದೊಂದು ಕಾರಣ.

ಭಾರತದಲ್ಲಿ ಇದಕ್ಕೆ ಹಳೆಯ ಉದಾಹರಣೆ ಕರುಳಿನ ಕ್ಷಯ. ಟಿ.ಬಿ. ಎಂದರೆ ಕೆಮ್ಮು, ಕಫ ಎಂದಷ್ಟೇ ತಿಳಿದವರು ಹಳ್ಳಿಗಳಲ್ಲಿ ಈಗಲೂ ಬಹಳ. ಅದೇ ರೋಗಾಣು ನುಂಗಿದ ಕಫದ ಜೊತೆಗೆ, ಕಾಸದ ಹಾಲಿನ ಜೊತೆಗೆ, ಅಥವಾ ರಕ್ತದ ಮೂಲಕ ಕರುಳಿಗೂ ಇಳಿಯಬಲ್ಲದು. ಅದು ಹೆಚ್ಚಾಗಿ ಬೀಡುಬಿಡುವುದು ಸಣ್ಣಕರುಳು ದೊಡ್ಡಕರುಳನ್ನು ಸೇರುವ ಮೂಲೆಯಲ್ಲಿ, ಹೊಟ್ಟೆಯ ಬಲ ಕೆಳಭಾಗದಲ್ಲಿ. ಅಲ್ಲಿ ಕೊಳವೆಗೆ ಅಡ್ಡಲಾಗಿ, ಉಂಗುರದಂತೆ ಸುತ್ತಿಕೊಂಡ ಹುಣ್ಣುಗಳೇಳುತ್ತವೆ. ಆರು ತಿಂಗಳ ಔಷಧದಿಂದ ರೋಗಾಣು ಸಾಯುತ್ತದೆ, ಹುಣ್ಣು ಮಾಯುತ್ತದೆ. ಆದರೆ ಉಂಗುರದ ಹುಣ್ಣು ಮಾಯುವುದೆಂದರೆ ಉಂಗುರದ ಕಲೆ ಉಳಿಯುವುದು ಎಂದೇ ಅರ್ಥ. ರೋಗ ವಾಸಿಯಾದ ಮೇಲೆ ಕರುಳು ಕಟ್ಟಿಕೊಂಡು ಆಸ್ಪತ್ರೆಗೆ ಬರುವವರು ಇರುವುದು ಇದರಿಂದ. ಔಷಧ ಕೆಲಸ ಮಾಡಲಿಲ್ಲ ಎಂದು ರೋಗಿಯ ಮನೆಯವರು ನೊಂದುಕೊಳ್ಳುತ್ತಾರೆ. ಔಷಧ ತನ್ನ ಕೆಲಸ ಮಾಡಿರುತ್ತದೆ. ಉಳಿದದ್ದು ಫೈಬ್ರೋಬ್ಲಾಸ್ಟಿನ ಕೆಲಸ, ಅದಕ್ಕೆ ಕ್ಷಯದ ಮಾತ್ರೆ ನಾಟುವುದಿಲ್ಲ.

ಇದೇ ಮೂಲೆಯಲ್ಲಿ ಇದೇ ಬಗೆಯಲ್ಲಿ ಕಾಣಿಸಿಕೊಳ್ಳುವ ಇನ್ನೊಂದು ರೋಗ ಕ್ರೋನ್ಸ್. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವರ್ಣಿಸಿದರು. ಇದಕ್ಕೆ ಗೊತ್ತಾದ ಒಂದು ರೋಗಾಣು ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಪಾಶ್ಚಾತ್ಯರ ಕಾಯಿಲೆ ಎನ್ನಿಸಿಕೊಂಡಿದ್ದ ಇದು ಈಚಿನ ದಶಕಗಳಲ್ಲಿ ಭಾರತದಲ್ಲೂ ಹೆಚ್ಚಾಗಿ ಪತ್ತೆಯಾಗುತ್ತಿದೆ. ಕ್ಷಯವೋ ಕ್ರೋನ್ಸೋ ಎಂದು ಬೇರ್ಪಡಿಸುವುದು ನಮ್ಮ ವೈದ್ಯರಿಗೆ ಇಂದಿಗೂ ಕಠಿಣ ಪರೀಕ್ಷೆ. ಕ್ರೋನ್ಸ್ ಎಂದು ತಿಳಿದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟು, ಒಳಗಿದ್ದದ್ದು ಕ್ಷಯವಾಗಿದ್ದರೆ ಅದು ಮೈಯೆಲ್ಲ ಹರಡಬಹುದು. ಕ್ರೋನ್ಸ್ ಪತ್ತೆಯಾದ 20 ವರ್ಷಗಳೊಳಗೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕರುಳು ಕಿರಿದಾಗುವುದು ಇಲ್ಲವೆ ತೂತಾಗಿ ಕೀವು ಹರಿಯುವುದು ಆಗುತ್ತದೆ. ಶಸ್ತ್ರವೈದ್ಯರು ಹೊಟ್ಟೆ ತೆರೆದಾಗ ರೋಗ ಹಿಡಿದ ಕರುಳಿನ ಭಾಗಕ್ಕೆ ಸುತ್ತಲಿನ ಕೊಬ್ಬು ಹತ್ತಿಕೊಂಡಿರುವುದನ್ನು ಕಾಣುತ್ತಾರೆ. ಕೊಬ್ಬೂ ಸಂಯೋಜಕ ಅಂಗಾಂಶದ ಒಂದು ಬಗೆಯೇ.

ಕರುಳಿನ ದೀರ್ಘ ಉರಿಯೂತದ ಬಹಳಷ್ಟು ರೋಗಿಗಳಿಗೆ ‘ಟಿಎನ್ಎಫ್’ ಎಂಬ ಉರಿಯೂತದ ಸಂದೇಶವನ್ನು ತಡೆಯುವ ದುಬಾರಿ ಚುಚ್ಚುಮದ್ದು ಕೊಡುತ್ತಾರೆ. ಕೆಲವರಿಗೆ ಅದು ನಾಟುವುದೇ ಇಲ್ಲ. ಕಾರಣ ಹುಡುಕುತ್ತ ಹೋದ ಆಕ್ಸ್‌ಫರ್ಡಿನ ವಿಜ್ಞಾನಿಗಳು 2017ರಲ್ಲಿ ‘ಆಂಕೊಸ್ಟ್ಯಾಟಿನ್ ಎಂ’ ಎಂಬ ಸಂದೇಶದ ಬಳಿಗೆ ಬಂದರು. ಅದನ್ನು ಬಿಡುವುದು ರೋಗನಿರೋಧಕ ಕೋಶಗಳು, ಕೇಳಿಸಿಕೊಳ್ಳುವುದು ಹೆಚ್ಚಾಗಿ ಹಾಸಿನ ಕೋಶಗಳು. ಅದು ಅತಿಯಾಗಿದ್ದವರಲ್ಲಿ ಈ ಚುಚ್ಚುಮದ್ದು ಸೋಲುವ ಸಂಭವ ಹೆಚ್ಚಿತ್ತು. ಮರುವರ್ಷ ಅಲ್ಲಿಯದೇ ಇನ್ನೊಂದು ತಂಡ ದೊಡ್ಡಕರುಳಿನ ಹುಣ್ಣಿನ ರೋಗಿಗಳ ಫೈಬ್ರೋಬ್ಲಾಸ್ಟ್‌ಗಳನ್ನು ಒಂದೊಂದಾಗಿ ಓದಿತು. ಕಾಂಡಕೋಶಗಳಿಗೆ ನೆರವಾಗುವ ಬಗೆಯ ಫೈಬ್ರೋಬ್ಲಾಸ್ಟ್ ಅವರಲ್ಲಿ ಕಡಿಮೆಯಾಗಿತ್ತು, ಉರಿಯೂತ ಹೆಚ್ಚಿಸುವ ಬಗೆಯದು ಬೆಳೆದಿತ್ತು. ಸೂಕ್ಷ್ಮದರ್ಶಕಕ್ಕೆ ಒಂದೇ ತರಹ ಕಾಣುವ ಈ ಕೋಶಗಳಲ್ಲಿ ಹಲವು ಕುಲಗಳಿವೆ ಎಂಬುದು ಆಗ ಸ್ಪಷ್ಟವಾಯಿತು.

ಕಿರಿದಾದ ಕರುಳಿಗೆ ಮಾಡುವ ಒಂದು ಜಾಣ ಶಸ್ತ್ರಚಿಕಿತ್ಸೆ ಭಾರತದ ಕೊಡುಗೆ, ಅದನ್ನು ಇಲ್ಲಿ ಹೇಳಲೇಬೇಕು. ಮೊದಲೆಲ್ಲ ಕಿರಿದಾದ ಭಾಗವನ್ನು ಕತ್ತರಿಸಿ ತೆಗೆಯುತ್ತಿದ್ದರು. ನಾಲ್ಕಾರು ಕಡೆ ಕಿರಿದಾಗಿದ್ದರೆ ಕತ್ತರಿಸುತ್ತ ಹೋಗಿ ಅನ್ನ ಅರಗಿಸುವಷ್ಟು ಕರುಳೇ ಉಳಿಯುತ್ತಿರಲಿಲ್ಲ. ಆರ್. ಎನ್. ಕಟಾರಿಯಾ ಮತ್ತು ಸಂಗಡಿಗರು ಕ್ಷಯದಿಂದ ಕಿರಿದಾದ ಕರುಳಿಗೆ ಬೇರೆ ದಾರಿ ಹಿಡಿದು, ಅದರ ಫಲವನ್ನು 1977ರಲ್ಲಿ ಪ್ರಕಟಿಸಿದರು. ಕಿರಿದಾದ ಜಾಗವನ್ನು ಉದ್ದಕ್ಕೆ ಸೀಳಬೇಕು, ಸೀಳನ್ನು ಅಡ್ಡಕ್ಕೆ ಹಿಗ್ಗಿಸಿ ಹೊಲಿಯಬೇಕು. ಉದ್ದ ತುಸು ಕಡಿಮೆಯಾಗಿ ಅಗಲ ಹೆಚ್ಚುತ್ತದೆ, ಒಂದು ಅಂಗುಲ ಕರುಳೂ ನಷ್ಟವಾಗುವುದಿಲ್ಲ. ಬಿಗಿಯಾದ ತೋಳನ್ನು ಬಟ್ಟೆ ಕತ್ತರಿಸಿ ಎಸೆಯದೆ ಸಡಿಲ ಮಾಡುವ ದರ್ಜಿಯ ಉಪಾಯದಂಥದು ಇದು. 1980ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡಿನ ಇಮ್ಯಾನುಯೆಲ್ ಲೀ ಇದನ್ನು ಕ್ರೋನ್ಸ್ ರೋಗಕ್ಕೆ ಅಳವಡಿಸಿಕೊಂಡರು. ಈಗ ಪ್ರಪಂಚದೆಲ್ಲೆಡೆ ಇದು ಬಳಕೆಯಲ್ಲಿದೆ.

ಶಸ್ತ್ರಚಿಕಿತ್ಸೆಯೂ ಗಾಯವೇ ಆದ್ದರಿಂದ ಅದರ ಹಿಂದೆಯೂ ಫೈಬ್ರೋಬ್ಲಾಸ್ಟ್ ಬರುತ್ತದೆ. ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹತ್ತು ಜನರಲ್ಲಿ ಒಂಬತ್ತು ಜನರ ಒಳಗೆ ಕರುಳು ಅಲ್ಲಲ್ಲಿ ನಾರಿನಿಂದ ಅಂಟಿಕೊಂಡಿರುತ್ತದೆ. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ಕೆಲವರಿಗೆ ಹತ್ತಾರು ವರ್ಷಗಳ ಮೇಲೂ ಕರುಳು ತೊಡರಿ ಕಟ್ಟಿಕೊಳ್ಳುತ್ತದೆ. ಹಳೆಯ ಹೊಲಿಗೆಯ ಗುರುತಿರುವವರಿಗೆ ಹೊಟ್ಟೆನೋವು, ಹೊಟ್ಟೆಯುಬ್ಬರ, ವಾಂತಿ ಒಟ್ಟಿಗೇ ಬಂದು ಗಾಳಿ, ಮಲ ಎರಡೂ ನಿಂತರೆ ಮನೆಮದ್ದಿನಲ್ಲಿ ಒಂದು ರಾತ್ರಿಯನ್ನೂ ಕಳೆಯಬಾರದು.

ಸಂಯೋಜಕ ಅಂಗಾಂಶದ ನೆರಳು ಬಿದ್ದಿರುವ ಇನ್ನೊಂದು ರೋಗ ಸೀಲಿಯಾಕ್. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಕೆಲವರ ಸಣ್ಣಕರುಳಿಗೆ ಒಗ್ಗುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಬ್ರೆಡ್ಡು ಸಿಗದಂತಾದಾಗ ಇಂಥ ಮಕ್ಕಳು ಚೇತರಿಸಿಕೊಂಡದ್ದು, ಗೋಧಿಯ ಮೇಲೆ ಮೊದಲೇ ಸಂಶಯಪಟ್ಟಿದ್ದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರ ಊಹೆಯನ್ನು ಬಲಪಡಿಸಿತು. ಈ ರೋಗದಲ್ಲಿ ದೇಹ ಯಾವುದರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ ಎಂಬುದು ಗೊತ್ತಾದದ್ದು 1997ರಲ್ಲಿ. ಗಾಯ ಮಾಯುವಾಗ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವಿದೆ. ಅದನ್ನು ಹೊರಬಿಡುವ ಕೋಶಗಳಲ್ಲಿ ಫೈಬ್ರೋಬ್ಲಾಸ್ಟೂ ಒಂದು. ಈ ಕಿಣ್ವವೇ ಗ್ಲುಟೆನ್ನಿನ ರೂಪ ತಿದ್ದಿ ರೋಗನಿರೋಧಕ ಕೋಶಗಳಿಗೆ ಅದು ಚೆನ್ನಾಗಿ ಕಾಣುವಂತೆ ಮಾಡುತ್ತದೆ, ಕೊನೆಗೆ ದೇಹ ಕಿಣ್ವದ ಮೇಲೆಯೇ ತಿರುಗಿಬೀಳುತ್ತದೆ. ರಕ್ತಪರೀಕ್ಷೆಯಲ್ಲಿ ಹುಡುಕುವುದು ಆ ಕಿಣ್ವದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನೇ. 2016ರಲ್ಲಿ ಪ್ರಕಟವಾದ ಭಾರತದ ಸಮೀಕ್ಷೆಯೊಂದು ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು 1.2 ಮಂದಿಗೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಿಗೆ ಈ ರೋಗ ಕಂಡುಕೊಂಡಿತು. ಜೋಳದಲ್ಲಿ ಗ್ಲುಟೆನ್ ಇಲ್ಲ. ಬಾದಾಮಿ, ಹುನಗುಂದದ ಕಡೆಯ ದಿನನಿತ್ಯದ ಬಿಳಿಜೋಳದ ರೊಟ್ಟಿ, ಈ ರೋಗಿಗಳಿಗೆ ನಗರಗಳಲ್ಲಿ ವಿಶೇಷ ಆಹಾರವಾಗಿ ಮಾರುವ ಹಿಟ್ಟಿಗೆ ಯಾವುದರಲ್ಲೂ ಕಡಿಮೆಯಲ್ಲ. ಒಂದೇ ಎಚ್ಚರ ಬೇಕು: ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಿಸಿದರೆ ಗೋಧಿಯ ಹಿಟ್ಟು ಅದರಲ್ಲಿ ಬೆರೆಯುತ್ತದೆ. ರೋಗ ಇರುವವರ ಜೋಳವನ್ನು ಬೇರೆಯಾಗಿಯೇ ಬೀಸಬೇಕು.

ಕ್ಯಾನ್ಸರಿನಲ್ಲಿ ಈ ಕೋಶಗಳ ಪಾತ್ರ ಇನ್ನೂ ಗಂಭೀರ. ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಗಳನ್ನು ಮಾಯದ ಗಾಯಗಳು ಎಂದು ಕರೆದರು. ದೊಡ್ಡಕರುಳಿನ ಗಡ್ಡೆಯೊಂದನ್ನು ಕೊಯ್ದು ನೋಡಿದರೆ ಕ್ಯಾನ್ಸರ್ ಕೋಶಗಳ ಸುತ್ತ ನಾರು, ಫೈಬ್ರೋಬ್ಲಾಸ್ಟ್‌ಗಳ ದಟ್ಟಣೆ ಕಾಣುತ್ತದೆ. ಗಾಯ ಮಾಯಿಸಲು ಕಲಿತ ಎಲ್ಲವನ್ನೂ ಅವು ಇಲ್ಲಿ ಗಡ್ಡೆಗಾಗಿ ಮಾಡುತ್ತವೆ: ಬೆಳೆಯುವ ಸಂದೇಶ ಕೊಡುತ್ತವೆ, ಹೊಸ ರಕ್ತನಾಳ ಕರೆಸುತ್ತವೆ, ರೋಗನಿರೋಧಕ ಕೋಶಗಳು ಒಳಗೆ ಬಾರದಂತೆ ಅಡ್ಡ ನಿಲ್ಲುತ್ತವೆ. 2015ರಲ್ಲಿ ಹಲವು ದೇಶಗಳ ತಂಡವೊಂದು ದೊಡ್ಡಕರುಳಿನ ಕ್ಯಾನ್ಸರನ್ನು ಜೀನುಗಳ ಆಧಾರದ ಮೇಲೆ ನಾಲ್ಕು ಬಗೆಯಾಗಿ ವಿಂಗಡಿಸಿತು. ಅದರಲ್ಲಿ ಹಾಸಿನ ಕೋಶಗಳ ಗುರುತು ಹೆಚ್ಚಾಗಿದ್ದ ನಾಲ್ಕನೆಯ ಬಗೆ ಸುಮಾರು ಕಾಲುಭಾಗದಷ್ಟು ರೋಗಿಗಳದು. ಬದುಕುಳಿಯುವ ಅವಕಾಶ ಅವರಲ್ಲೇ ತೀರ ಕಡಿಮೆ. ಹಾಗೆಂದು ಎಲ್ಲ ಫೈಬ್ರೋಬ್ಲಾಸ್ಟ್‌ಗಳನ್ನೂ ಕೊಂದರೆ ಆಯಿತೆನ್ನುವಂತಿಲ್ಲ. ಅವುಗಳಲ್ಲಿ ಕೆಲವು ಗಡ್ಡೆಯನ್ನು ಬೇಲಿಯಂತೆ ಸುತ್ತುಗಟ್ಟಿ ತಡೆಯುವಂಥವೂ ಇವೆ.

ಜೀರ್ಣನಾಳ ಶುರುವಾಗುವುದು ಬಾಯಿಯಿಂದ. ಉತ್ತರ ಕರ್ನಾಟಕದಲ್ಲಿ ಫೈಬ್ರೋಬ್ಲಾಸ್ಟ್ ಮಾಡುವ ಹಾನಿ ಕಣ್ಣಿಗೇ ಕಾಣುವುದು ಅಲ್ಲಿ, ಗುಟಕಾ ತಿನ್ನುವವರ ಕೆನ್ನೆಯ ಒಳಭಾಗದಲ್ಲಿ. ಈ ರೋಗವನ್ನು ಜೆ. ಶ್ವಾರ್ಟ್ಸ್ ಎಂಬ ವೈದ್ಯ 1952ರಲ್ಲಿ ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ವರ್ಣಿಸಿದ. ಮರುವರ್ಷ ಮುಂಬಯಿಯ ಎಸ್. ಜಿ. ಜೋಶಿ ಅದಕ್ಕೆ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂದು ಹೆಸರಿಟ್ಟರು. ಲೋಳೆಪೊರೆಯ ಕೆಳಗೆ ನಾರುಗಟ್ಟುವುದು ಎಂದು ಅರ್ಥ. ಕಾರಣ ಅಡಿಕೆ. ಅದರಲ್ಲಿರುವ ಅರೆಕೊಲಿನ್ ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸಿ ಹೆಚ್ಚು ಕೊಲಾಜೆನ್ ಸುರಿಯುವಂತೆ ಮಾಡುತ್ತದೆ. ಅಡಿಕೆಯ ತಾಮ್ರದ ಅಂಶ ಎಳೆಗಳನ್ನು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ, ಅದರ ಒಗರು ಆ ನಾರು ಕರಗದಂತೆ ಹದಮಾಡುತ್ತದೆ. ಹೀಗೆ ಸುರಿಯುವುದು ಹೆಚ್ಚಿ, ಕರಗುವುದು ನಿಂತು, ಕೆನ್ನೆ ಒಳಗಿನಿಂದ ಚರ್ಮದ ಪಟ್ಟಿಯಂತಾಗುತ್ತದೆ. ಬೇರೆ ರೋಗಗಳಲ್ಲಿ ಮೊದಲು ಹುಣ್ಣು, ಆಮೇಲೆ ನಾರು. ಇಲ್ಲಿ ಕೋಶಕ್ಕೆ ನೇರವಾಗಿ ಪ್ರಚೋದನೆ ಸಿಗುತ್ತದೆ. ತಂಬಾಕು ಇಲ್ಲದ ಬರೀ ಅಡಿಕೆ ಪುಡಿಯ ಪೊಟ್ಟಣದಿಂದಲೂ ಇದು ಬರುತ್ತದೆ. ತಂಬಾಕಿಲ್ಲ ಎಂದ ಮಾತ್ರಕ್ಕೆ ನಿರಪಾಯ ಎಂದು ಮಕ್ಕಳ ಕೈಗೆ ಕೊಡುವವರು ಇದನ್ನು ತಿಳಿಯಬೇಕು.

ಮೊದಲ ಸೂಚನೆ ಉರಿ. ನಿನ್ನೆಯವರೆಗೆ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದ ರಂಜಕ ಇಂದು ಬಾಯಿ ಸುಡುತ್ತದೆ. ಆಮೇಲೆ ಒಳಗೆನ್ನೆ ಬಿಳಿಚಿ, ಬೆರಳಿಟ್ಟರೆ ಗಟ್ಟಿ ಪಟ್ಟಿಗಳು ತಾಗುತ್ತವೆ. ಬಾಯಿ ತೆರೆಯುವುದು ದಿನದಿಂದ ದಿನಕ್ಕೆ ಕಡಿಮೆಯಾಗಿ ಕೊನೆಗೆ ತುತ್ತು ಇಡುವುದೂ ಕಷ್ಟವಾಗುತ್ತದೆ. ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಹಿಂಬಾಲಿಸಿ ನೋಡಿದಾಗ ನೂರಕ್ಕೆ 7.6 ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕರ್ನಾಟಕ 2013ರಲ್ಲಿ ಗುಟಕಾ ನಿಷೇಧಿಸಿತು. ಅಡಿಕೆ ಪುಡಿ, ತಂಬಾಕು ಬೇರೆ ಬೇರೆ ಪೊಟ್ಟಣಗಳಲ್ಲಿ ಈಗಲೂ ಅಂಗಡಿಯ ಮುಂದೆ ತೂಗುತ್ತವೆ.

ಬಾಯಲ್ಲಾಗಲಿ ಕರುಳಲ್ಲಾಗಲಿ, ಬಲಿತ ನಾರನ್ನು ಕರಗಿಸಿ ಹಿಂದಿನಂತೆ ಮಾಡುವ ಮಾತ್ರೆ ಇಲ್ಲ. ಶ್ವಾಸಕೋಶ ನಾರುಗಟ್ಟುವುದನ್ನು ನಿಧಾನಗೊಳಿಸುವ ಒಂದೆರಡು ಔಷಧಗಳು ಬಂದಿವೆ. ಕರುಳಿಗೆಂದೇ ಅಂಥದೊಂದು ಇನ್ನೂ ಬಂದಿಲ್ಲ. ಆದ್ದರಿಂದ ಸಂಜೆಯ ಜ್ವರ, ತೂಕ ಇಳಿಯುವುದು, ಉಂಡ ಮೇಲೆ ಹೊಟ್ಟೆ ಹಿಂಡುವುದು ಎರಡು ವಾರ ಮೀರಿದರೆ ಆಸ್ಪತ್ರೆಗೆ ಹೋಗಿ; ಕ್ಷಯದ ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಡಿಕೆ, ಗುಟಕಾ ತಿನ್ನುವವರು ತಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಿಡಿದು ನೋಡಿ. ಹಿಡಿಸದಿದ್ದರೆ ಅಂದೇ ಅದನ್ನು ಬಿಟ್ಟು ದಂತವೈದ್ಯರಿಗೆ ಬಾಯಿ ತೋರಿಸಿ.